ಅಪ್ಪನ ಮಳೆ ಲೆಕ್ಕ ಮತ್ತು ಮಾಯವಾದ ಕಾಲಂ

ಪ್ರಶ್ನೆ: ಅಪ್ಪ ತೋಟದಲ್ಲಿ ಮಳೆಮಾಪಕ ಇಟ್ಟು ದಿನಾ ಬರೆದ ಲೆಕ್ಕವನ್ನು ಜೂಲಿಯಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಡೇಟಾಫ್ರೇಮ್‌ಗೆ, ಅಂದರೆ ಟೇಬಲ್‌ಗೆ, ಹಾಕಿದ್ದೇನೆ. ದಿನಾಂಕ, ಇಂಚಿನಲ್ಲಿ ಮಳೆ, ಷರಾ ಅಂತ ಮೂರು ಕಾಲಂ. ಇಂಚನ್ನು ಮಿಲಿಮೀಟರಿಗೆ ಬದಲಿಸಲು ಸೆಲೆಕ್ಟ್ (select) ಆದೇಶ ಬಳಸಿದೆ. ಲೆಕ್ಕ ಸರಿ ಬಂತು, ಆದರೆ ದಿನಾಂಕವೂ ಷರಾವೂ ಮಾಯ! ಭಾರಿ ಮಳೆಯ ದಿನ ಗುರುತಿಸಲು ಇಫ್ (if) ಷರತ್ತು ಹಾಕಿದರೆ ಎರರ್. ಕಾಲಂ ಹೆಸರು ಕನ್ನಡದಲ್ಲೇ ಇಡಬಹುದಾ?
– ಓದುಗರು, ಶಿರಸಿ

ಉತ್ತರ: ದಿನಾಂಕ ಎಲ್ಲೂ ಹೋಗಿಲ್ಲ, ಹಳೆ ಟೇಬಲ್‌ನಲ್ಲೇ ಇದೆ. ಸೆಲೆಕ್ಟ್ ನೀವು ಹೇಳಿದ ಕಾಲಂಗಳನ್ನಷ್ಟೇ ಹೊಸ ಟೇಬಲ್‌ಗೆ ತರುತ್ತದೆ. ಎಲ್ಲವೂ ಉಳಿದು ಹೊಸದೊಂದು ಸೇರಬೇಕಾದರೆ ಟ್ರಾನ್ಸ್‌ಫಾರ್ಮ್ (transform) ಬಳಸಿ. ಬರೆಯುವ ಕ್ರಮ ಎರಡಕ್ಕೂ ಒಂದೇ: ಹಳೆ ಕಾಲಂ => ಮಾಡಬೇಕಾದ ಕೆಲಸ => ಹೊಸ ಹೆಸರು. ಇಂಚಿನ ಕಾಲಂ ಮಾತ್ರ ದಯವಿಟ್ಟು ತೆಗೆಯಬೇಡಿ. ಅಪ್ಪ ಬರೆದದ್ದು ಅದು. 25.4ರಿಂದ ಗುಣಿಸಿದ್ದು ನೀವು. ಮುಂದೆ ಅನುಮಾನ ಬಂದರೆ ತಾಳೆ ನೋಡಲು ಅದೇ ಬೇಕು. ಹೆಸರಿನ ಕೊನೆಗೆ ! ಇರುವ ಸೆಲೆಕ್ಟ್ ಮೂಲ ಟೇಬಲನ್ನೇ ಬದಲಿಸುತ್ತದೆ, ಅದರ ತಂಟೆಗೆ ಈಗ ಹೋಗಬೇಡಿ.

ಎರರ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಿಮ್ಮ ಫಂಕ್ಷನ್‌ನ, ಅಂದರೆ ಆ ಕೆಲಸ ಮಾಡಲು ನೀವು ಬರೆದ ಸೂಚನೆಯ, ಕೈಗೆ ಒಂದೊಂದು ದಿನದ ಮಳೆ ಸಿಗುವುದಿಲ್ಲ, ಇಡೀ ಕಾಲಂ ಒಟ್ಟಿಗೆ ಸಿಗುತ್ತದೆ. ಇಡೀ ಕಾಲಂ ಅನ್ನು ಒಂದು ಸಂಖ್ಯೆಯಿಂದ ಗುಣಿಸಬಹುದು, ಅದಕ್ಕೇ ಮೊದಲನೆಯದು ತಕರಾರಿಲ್ಲದೆ ನಡೆಯಿತು. ಆದರೆ ಇಡೀ ಕಾಲಂ 64.5ಕ್ಕಿಂತ ಜಾಸ್ತಿಯಾ ಎಂದು ಕೇಳಿದರೆ ಅದಕ್ಕೆ ಉತ್ತರವೇ ಇಲ್ಲ. (24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಹವಾಮಾನ ಇಲಾಖೆ ಅದನ್ನು ಭಾರಿ ಮಳೆ ಎನ್ನುತ್ತದೆ. ಅಪ್ಪನ ಲೆಕ್ಕದಲ್ಲಿ ಸುಮಾರು ಎರಡೂವರೆ ಇಂಚು.) ಫಂಕ್ಷನ್ ಅನ್ನು ಬೈರೋ (ByRow) ಒಳಗೆ ಇಡಿ. ಆಗ ಒಂದೊಂದೇ ಸಾಲು ಅದರ ಕೈಗೆ ಬರುತ್ತದೆ.

ಇಷ್ಟಾದ ಮೇಲೂ ಇನ್ನೊಂದು ಎರರ್ ಬರಬಹುದು. ಅಪ್ಪ ಊರಲ್ಲಿ ಇಲ್ಲದ ದಿನ ಪುಸ್ತಕದಲ್ಲಿ ಖಾಲಿ ಬಿಟ್ಟಿರುತ್ತಾರೆ, ಅಲ್ವಾ? ಟೇಬಲ್‌ನಲ್ಲಿ ಅದು ಮಿಸ್ಸಿಂಗ್. ಇಫ್‌ಗೆ ಮಿಸ್ಸಿಂಗ್ ಎದುರಾದರೆ ಅಲ್ಲೇ ನಿಂತುಬಿಡುತ್ತದೆ. ಸುಮ್ನೆ ಸೊನ್ನೆ ತುಂಬಿ ಮುಂದೆ ಹೋಗುವವರಿದ್ದಾರೆ. ನನಗೆ ಅದು ಖಂಡಿತ ಒಪ್ಪಿಗೆಯಿಲ್ಲ. ಅಳೆಯದ ದಿನ ಬೇರೆ, ಮಳೆ ಬಾರದ ದಿನ ಬೇರೆ. ಆಷಾಢದ ಒಂದು ವಾರಕ್ಕೆ ಸೊನ್ನೆ ಬಿದ್ದರೆ ಆ ತಿಂಗಳ ಸರಾಸರಿಯೇ ಸುಳ್ಳಾಗುತ್ತದೆ. ಮೊದಲು ಫಂಕ್ಷನ್ ಅನ್ನು ಪಾಸ್‌ಮಿಸ್ಸಿಂಗ್ (passmissing) ಒಳಗಿಡಿ, ಅದರ ಹೊರಗೆ ಬೈರೋ. ಖಾಲಿ ಇದ್ದದ್ದು ಖಾಲಿಯಾಗಿಯೇ ಉಳಿಯುತ್ತದೆ.

ಹೆಸರು ಧಾರಾಳವಾಗಿ ಕನ್ನಡದಲ್ಲೇ ಇಡಿ, ಜೂಲಿಯಾ ಯೂನಿಕೋಡ್ ಒಪ್ಪುತ್ತದೆ. ಕಾಲಂ ಹೆಸರು ಬದಲಿಸುವ ರೀನೇಮ್‌ನಲ್ಲಿ (rename) ಹಳೆಯದು ಮೊದಲು, ಹೊಸದು ಆಮೇಲೆ. ಆರ್ (R) ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯ ಡಿಪ್ಲೈಯರ್ (dplyr) ಪ್ಯಾಕೇಜ್‌ನಲ್ಲಿ ಇದು ತಿರುಗುಮುರುಗು, ಅಲ್ಲಿಂದ ಬಂದವರು ಗಮನಿಸಿ. ‘ಮಳೆ ಇಂಚು’ ಅಂತ ನಡುವೆ ಜಾಗ ಬಿಟ್ಟ ಹೆಸರು ಬೇಕಾದರೆ ಹೆಸರಿಗೆ ಮೊದಲು ಕೋಲನ್ (:) ಹಾಕುವ ಬದಲು ಜೋಡಿ ಉದ್ಧರಣ ಚಿಹ್ನೆಯೊಳಗೆ (" ") ಬರೆಯಿರಿ.