‘ಯೂ ಆಲ್ ರೈಟ್?’ ಅಂದ್ರೆ ಏನು ಹೇಳಬೇಕು?

ಪ್ರಶ್ನೆ: ತೀರ್ಥಹಳ್ಳಿಯ ಮನೆಯಿಂದಲೇ ನಾನು ಆಫೀಸ್ ಕೆಲಸ ಮಾಡುತ್ತೇನೆ. ನಮ್ಮ ಮ್ಯಾನೇಜರ್ ಲಂಡನ್ನಿನವರು. ಫೋನ್ ಮಾಡಿದಾಗೆಲ್ಲ ‘ಯೂ ಆಲ್ ರೈಟ್?’ ಅಂತಲೇ ಶುರು. ಒಮ್ಮೆ ಅಮ್ಮನಿಗೆ ಜ್ವರ, ರಾತ್ರಿಯೆಲ್ಲ ನಿದ್ದೆ ಇಲ್ಲ ಅಂತ ಪೂರ್ತಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ‘ಓ, ಸಾರಿ’ ಅಂದು ಕೆಲಸದ ಮಾತಿಗೆ ಹೋದರು. ಉತ್ತರ ಬೇಡದಿದ್ದರೆ ಕೇಳುವುದು ಯಾಕೆ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮೂರಿನ ಬಸ್ ಸ್ಟ್ಯಾಂಡಿನಲ್ಲಿ ಪರಿಚಯದವರು ‘ಊಟ ಆಯ್ತಾ?’ ಅಂದಾಗ ಸಾರಿಗೆ ಉಪ್ಪು ಜಾಸ್ತಿ ಆಗಿತ್ತು ಅಂತೆಲ್ಲ ಹೇಳುತ್ತೀರಾ? ‘ಆಯ್ತು, ನಿಮ್ದು?’ ಅಂತೀರಿ, ಎಷ್ಟೋ ಸಲ ಉಣ್ಣದಿದ್ದರೂ ಹಾಗೇ ಅಂತೀರಿ, ಅಲ್ವಾ? ‘ಪೇಟೆಗೆ ಹೊರಟ್ರಾ?’ ಅನ್ನುವವರಿಗೂ ನೀವು ಏನು ತರಲು ಹೊರಟಿದ್ದೀರಿ ಅನ್ನೋದು ಬೇಕಿಲ್ಲ. ಎದುರಿಗೆ ಸಿಕ್ಕಿದವರನ್ನು ಮಾತಾಡಿಸದೆ ಹೋಗಲು ಅವರಿಗೆ ಮನಸ್ಸಿಲ್ಲ, ಅಷ್ಟೇ. ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿ 1923ರಲ್ಲೇ ಇಂಥ ಮಾತುಗಳ ಬಗ್ಗೆ ಬರೆದಿದ್ದರು. ಸುದ್ದಿ ತಿಳಿಸುವುದಕ್ಕಿಂತ ಜನರನ್ನು ಹತ್ತಿರ ತರುವುದೇ ಇವುಗಳ ಕೆಲಸ ಅಂತ.

ಬ್ರಿಟನ್ನಿನಲ್ಲಿ ‘ಯೂ ಆಲ್ ರೈಟ್?’ ಕೂಡ ನಮಸ್ಕಾರ ಇದ್ದ ಹಾಗೆ. ‘ಗುಡ್, ಥ್ಯಾಂಕ್ಸ್, ಯೂ?’ ಅಂದರೆ ಸಾಕು. ಆ ಕೊನೆಯ ‘ಯೂ?’ ಮಾತ್ರ ಬಿಡಬೇಡಿ, ತಿರುಗಿ ಕೇಳದಿದ್ದರೆ ಬಿಗುಮಾನ ಅನ್ನಿಸುತ್ತದೆ. ಹಳೇ ಕಾಲದ ‘ಹೌ ಡು ಯೂ ಡು?’ಗಂತೂ ಅದನ್ನೇ ತಿರುಗಿ ಹೇಳುವುದು ರೂಢಿ. ಇದನ್ನು ಶಾಲೆಯಲ್ಲಿ ನಮಗೆ ಯಾರೂ ಹೇಳಿಕೊಡಲಿಲ್ಲ ಅಂತ ನನಗೆ ನಿಜಕ್ಕೂ ಬೇಸರವಿದೆ. ವ್ಯಾಕರಣವೆಲ್ಲ ಬಾಯಿಪಾಠ, ಒಬ್ಬ ಮನುಷ್ಯನನ್ನು ಮಾತಾಡಿಸುವಾಗ ಮಾತ್ರ ತಡವರಿಸುತ್ತೇವೆ. ಇನ್ನೊಂದು, ‘ಯಾವಾಗಲಾದರೂ ಕಾಫಿಗೆ ಸಿಗೋಣ’ ಅಂತ ಇಂಗ್ಲಿಷಿನಲ್ಲಿ ಅವರು ಅಂದರೆ, ದಿನ ಗೊತ್ತು ಮಾಡುವ ತನಕ ಅದನ್ನು ಆಹ್ವಾನ ಅಂದುಕೊಳ್ಳಬೇಡಿ. ನಮ್ಮ ‘ಒಂದ್ಸಲ ಮನೆ ಕಡೆ ಬನ್ನಿ’ ಇದ್ದಂತೆ ಅದು. (ಮಲೆನಾಡಿನಲ್ಲಿ ಹಾಗೆ ಕರೆದವರ ಮನೆಗೆ ನಿಜವಾಗಿ ಹೋದರೆ ಕಾಫಿ ಕೊಡದೆ ಕಳಿಸುವುದಿಲ್ಲ, ಆ ಮಾತು ಬೇರೆ.)

ಸಂಬಳ ಎಷ್ಟು, ಮದುವೆ ಆಯ್ತಾ ಅಂತ ನಾವು ಪ್ರೀತಿಯಿಂದಲೇ ಕೇಳುತ್ತೇವೆ, ಅವರಿಗೆ ಅದು ಖಾಸಗಿ ವಿಷಯ. ಅದರ ಬದಲು ಮಳೆ ವಿಷಯ ತೆಗೆಯಿರಿ. ಇಂಗ್ಲಿಷರು ಸಿಕ್ಕಾಗ ಮೊದಲ ಮಾತೇ ಹವಾಮಾನ ಅಂತ ಇಂಗ್ಲಿಷ್ ಲೇಖಕ ಸ್ಯಾಮ್ಯುಯೆಲ್ ಜಾನ್ಸನ್ 1758ರಲ್ಲೇ ಬರೆದಿದ್ದರು. ನಿಮ್ಮ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ, ಲಂಡನ್ನಿನಲ್ಲಿ ಸುಮಾರು 600. ಅದನ್ನು ಹೇಳಿ ನೋಡಿ, ಮಾತು ತಾನಾಗಿ ಬೆಳೆಯುತ್ತದೆ.

ನಿಜವಾದ ಕಷ್ಟ ಇದ್ದರೆ ಮುಚ್ಚಿಡಬೇಕು ಅಂತಲ್ಲ. ಮೊದಲು ‘ಗುಡ್, ಥ್ಯಾಂಕ್ಸ್’ ಮುಗಿಸಿ, ಆಮೇಲೆ ‘ನಿಮಗೊಂದು ವಿಷಯ ಹೇಳಬೇಕಿತ್ತು’ ಅಂತ ಬೇರೆಯಾಗಿ ಶುರು ಮಾಡಿ. ಇದು ಬರೀ ಉಪಚಾರದ ಮಾತಲ್ಲ ಅಂತ ಆಗ ಅವರಿಗೂ ಗೊತ್ತಾಗುತ್ತದೆ.

ಅಮ್ಮ ಈಗ ಹುಷಾರಾಗಿದ್ದಾರಾ? ಇದನ್ನು ಸುಮ್ನೆ ಕೇಳುತ್ತಿಲ್ಲ, ಬರೆದು ತಿಳಿಸಿ.