ಒಂದು ಸಾಲಿನಲ್ಲಿ ಬಂದುಹೋದ ಅಕ್ಕ

ಈ ಅಂಕಣಕ್ಕೆ ಸಲಹೆ ಕೇಳಿ ಈ ಪತ್ರ ಬಂದು ಹತ್ತು ದಿನವಾಯಿತು. ಮೊದಲ ಸಲ ಓದಿದಾಗ ಇದೂ ಅಪ್ಪ-ಮಗನ ಜಗಳ ಅಂದುಕೊಂಡು ಪಕ್ಕಕ್ಕಿಟ್ಟಿದ್ದೆ. ರಾತ್ರಿ ಪಾತ್ರೆ ತೊಳೆಯುವಾಗ ಅದರ ಒಂದು ಸಾಲು ನೆನಪಾಗಿ ಕೊರೆಯಲು ಶುರುವಾಯಿತು. ಕೈ ಒರೆಸಿಕೊಂಡು ಬಂದು ಮತ್ತೆ ಓದಿದೆ. ಆಮೇಲೆ ನಿದ್ದೆ ಬರಲಿಲ್ಲ.

ಬರೆದವನಿಗೆ 24 ವರ್ಷ. ಸಕಲೇಶಪುರದ ಕಡೆಯವನು. ಮನೆಯಲ್ಲಿ ಆರು ಎಕರೆ ರೊಬಸ್ಟಾ ಕಾಫಿ ತೋಟ. ಬಿ.ಕಾಂ. ಮುಗಿಸಿ ಎರಡು ವರ್ಷದಿಂದ ಕಾಫಿ ಬೀಜ ಸಂಸ್ಕರಿಸುವ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ರಫ್ತಿನ ಕಾಗದಪತ್ರ ನೋಡಿಕೊಳ್ಳುತ್ತಾನೆ, ಸಂಬಳ 24 ಸಾವಿರ. ಈಗ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಇಂಟರ್‌ನ್ಯಾಷನಲ್ ಬಿಸಿನೆಸ್ ಅಂಡ್ ಫೈನಾನ್ಸ್ ಎಂ.ಎಸ್ಸಿ. ಸೀಟು ಸಿಕ್ಕಿದೆ. ಒಂದು ವರ್ಷದ ಕೋರ್ಸ್, 2026ರ ಸೆಪ್ಟೆಂಬರ್‌ಗೆ ಶುರು. ಅಪ್ಪ ಮಾತ್ರ ಜಪ್ಪಯ್ಯ ಅನ್ನುತ್ತಿಲ್ಲ. ‘ಇನ್ನೆರಡು ವರ್ಷ ಕೆಲಸ ಮಾಡು, ದುಡ್ಡು ಕೂಡಿಡು, ಆಮೇಲೆ ಹೋಗು’ ಅನ್ನುತ್ತಾರಂತೆ. ಹಾಸನದಲ್ಲಿರುವ ಸೈಟನ್ನು ಅಡ ಇಡಲೂ ತಯಾರಿಲ್ಲ. ‘ಅಪ್ಪನಿಗೆ ಹೊರಗಿನ ಪ್ರಪಂಚ ಗೊತ್ತಿಲ್ಲ ಮೇಡಂ, ಅವರನ್ನು ಒಪ್ಪಿಸುವುದು ಹೇಗೆ?’ ಅನ್ನುವುದು ಪ್ರಶ್ನೆ.

ಮೂರು ಪುಟದ ಪತ್ರದಲ್ಲಿ ಎರಡೂವರೆ ಪುಟ ಅಪ್ಪನೇ ಇದ್ದಾರೆ. ನನ್ನ ನಿದ್ದೆ ಕೆಡಿಸಿದ್ದು ಮಾತ್ರ ಎರಡನೇ ಪುಟದ ಕೆಳಗಿನ ಈ ಸಾಲು: ‘ಸಾಲದ ಚಿಂತೆ ಇಲ್ಲ, 30 ಲಕ್ಷಕ್ಕೆ ಅಕ್ಕ ಕೋ-ಅಪ್ಲಿಕೆಂಟ್ ಆಗುತ್ತಾಳೆ, ಓದು ಮುಗಿಯುವ ತನಕ ಬಡ್ಡಿ ಮಾತ್ರ ಕಟ್ಟಿದರೆ ಸಾಕು, ಅದನ್ನು ಅವಳೇ ನೋಡಿಕೊಳ್ಳುತ್ತಾಳೆ, ಡಿಸೆಂಬರ್‌ಗೆ ಅವಳ ಮದುವೆ ಮಾತುಕತೆ ಇರುವುದರಿಂದ ಅದಕ್ಕೂ ಮುಂಚೆ ಎಲ್ಲ ಮುಗಿಸಬೇಕು.’

ಅಷ್ಟೇ. ಕೋ-ಅಪ್ಲಿಕೆಂಟ್ ಅಂದರೆ ಸಾಲದ ಅರ್ಜಿಗೆ ಜೊತೆಯಲ್ಲಿ ಸಹಿ ಹಾಕಿ ಅದರ ಹೊಣೆ ಹೊರುವವರು. ಅಲ್ಪವಿರಾಮ ಹಾಕಿ ಹಾಕಿ ಅಕ್ಕನ ಹತ್ತು ವರ್ಷವನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದಾನೆ.

ತಮ್ಮಾ, ನಿನ್ನನ್ನು ‘ನೀನು’ ಅಂತಲೇ ಕರೆಯುತ್ತೇನೆ. ನನ್ನ ಮಗನ ವಯಸ್ಸು ನಿನ್ನದು. ಕೋಪ ಬಂದಿರುವುದರಿಂದ ಬಹುವಚನ ನಾಲಗೆಗೆ ಬರುತ್ತಲೂ ಇಲ್ಲ.

ನೀನು ದಿನಾ ಮಾಡುವ ಕೆಲಸ ಏನು? ಎಲ್.ಸಿ., ಅಂದರೆ ಕಾಗದ ಸರಿಯಿದ್ದರೆ ಕೊಂಡವನ ಪರವಾಗಿ ದುಡ್ಡು ಕೊಡುತ್ತೇನೆ ಅಂತ ಬ್ಯಾಂಕು ಬರೆದುಕೊಡುವ ಲೆಟರ್ ಆಫ್ ಕ್ರೆಡಿಟ್, ಅದರ ಕಾಗದ ಜೋಡಿಸುವುದು. ಇನ್‌ವಾಯ್ಸ್, ಬಿಲ್ ಆಫ್ ಲೇಡಿಂಗ್, ಪ್ಯಾಕಿಂಗ್ ಲಿಸ್ಟ್, ಸರ್ಟಿಫಿಕೇಟ್ ಆಫ್ ಒರಿಜಿನ್. ಪತ್ರದಲ್ಲಿ ಇದನ್ನು ‘ಸುಮ್ನೆ ಕಾಗದದ ಕೆಲಸ’ ಅಂದಿದ್ದೀಯ. ಆ ಕೆಲಸದ ಮೂಲಪಾಠ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಬ್ಯಾಂಕು ಕಾಗದ ನೋಡುತ್ತದೆ, ಕಾಫಿ ನೋಡುವುದಿಲ್ಲ. ಎಲ್.ಸಿ.ಗೆ ಪ್ರಪಂಚವೆಲ್ಲ ಒಪ್ಪಿರುವ ಯು.ಸಿ.ಪಿ. 600 ನಿಯಮಗಳು ಹೇಳುವುದೂ ಅದನ್ನೇ ಅಲ್ವಾ? ಹಡಗಿನಲ್ಲಿ ಎಷ್ಟೇ ಒಳ್ಳೆ ಬೀನ್ಸ್ ಇರಲಿ, ಕಾಗದದಲ್ಲಿ ಕೊಂಡವನ ಹೆಸರಿನ ಒಂದು ಅಕ್ಷರ ತಪ್ಪಿದ್ದರೆ ದುಡ್ಡು ನಿಲ್ಲಬಹುದು. ಇಷ್ಟು ಗೊತ್ತಿರುವವನು ಅಕ್ಕನ ಸಹಿಯ ವಿಷಯಕ್ಕೆ ಬಂದಾಗ ಅದನ್ನು ಹೇಗಪ್ಪಾ ಮರೆತೆ? ಸಾಲ ಕೊಡುವವರು ಅಕ್ಕ-ತಮ್ಮನ ಪ್ರೀತಿ ನೋಡುವುದಿಲ್ಲ. ಕಾಗದದಲ್ಲಿ ಯಾರ ಹೆಸರಿದೆಯೋ ಸಾಲ ಅವರದ್ದು. ಈ ಅಂಕಣ ಓದುವವರಿಗೆ ನನ್ನ ಈ ಮಾತು ಕೇಳಿ ಕೇಳಿ ಸಾಕಾಗಿರಬಹುದು. ಆದರೂ ಹೇಳುತ್ತೇನೆ. ನಾನೂ ಒಂದು ಕಾಲದಲ್ಲಿ ಚಿಕ್ಕಪ್ಪನ ಮಗನ ಟೆಂಪೋ ಸಾಲಕ್ಕೆ ಜಾಮೀನು ಹಾಕಿದವಳು. ಟೆಂಪೋ ಹೋಯಿತು, ಅವನು ಊರು ಬಿಟ್ಟ, ನೋಟಿಸು ಮಾತ್ರ ನಮ್ಮ ಮನೆ ಬಾಗಿಲಿಗೆ ಸರಿಯಾಗಿ ದಾರಿ ಹುಡುಕಿಕೊಂಡು ಬಂತು.

ಸರಿ, ಈಗ ಲೆಕ್ಕ. ನೀನೇ ಬರೆದ ಅಂಕಿಗಳು: 30 ಲಕ್ಷ, ಶೇ. 11 ಬಡ್ಡಿ, ಓದು ಮುಗಿದು ಆರು ತಿಂಗಳ ತನಕ ಬಡ್ಡಿ ಮಾತ್ರ, ಆಮೇಲೆ ಹತ್ತು ವರ್ಷ ಕಂತು. ದುಡ್ಡು ಪೂರ್ತಿ ಬಿಡುಗಡೆಯಾದರೆ ಬಡ್ಡಿಯೇ ತಿಂಗಳಿಗೆ 27,500 ರೂಪಾಯಿ. ‘ಬಡ್ಡಿ ಮಾತ್ರ’ ಅಂದೆಯಲ್ಲ, ಆ ‘ಮಾತ್ರ’ ನಿನ್ನ ಸಂಬಳಕ್ಕಿಂತ ಜಾಸ್ತಿ. ಹದಿನೆಂಟು ತಿಂಗಳಿಗೆ ಸುಮಾರು ಐದು ಲಕ್ಷವಾಯಿತು, ಅಸಲಿನಲ್ಲಿ ಒಂದು ರೂಪಾಯಿಯೂ ಇಳಿದಿರುವುದಿಲ್ಲ. ಆಮೇಲೆ ಶುರುವಾಗುವ ಕಂತು ತಿಂಗಳಿಗೆ 41 ಸಾವಿರದ ಮೇಲೆ. ಅಕ್ಕನ ಕೈಗೆ ಬರುವುದು 62 ಸಾವಿರ ಅಂತ ಬರೆದಿದ್ದೀಯ. ಬೆಂಗಳೂರಿನಲ್ಲಿ ಪಿ.ಜಿ. ಬಾಡಿಗೆ, ಊಟ, ಬಸ್ಸು, ಅಮ್ಮನ ಔಷಧಿ ಎಲ್ಲ ಅದರಲ್ಲೇ. ನೀನು ಕಟ್ಟದ ತಿಂಗಳು ಅವಳಿಗೆ ಏನು ಉಳಿಯುತ್ತದೆ ಅಂತ ನೀನೇ ಕಳೆದು ನೋಡು.

ಇನ್ನೂ ಇದೆ. ಮದುವೆಯಾಗಿ ಅವಳೂ ಅವಳ ಗಂಡನೂ ಮನೆ ಸಾಲಕ್ಕೆ ಹೋದರು ಅಂದುಕೋ. ನಿನ್ನ ಸಾಲ ಅವಳ ಸಿಬಿಲ್ ವರದಿಯಲ್ಲಿ, ಅಂದರೆ ಅವಳ ಸಾಲಗಳ ಜಾತಕದಲ್ಲಿ ಕೂತಿರುತ್ತದೆ. ನೀನು ಸರಿಯಾಗಿ ಕಟ್ಟುತ್ತಿದ್ದರೂ ಆ ಕಂತನ್ನು ಅವಳ ಲೆಕ್ಕಕ್ಕೇ ಹಿಡಿದು ಅವಳಿಗೆ ಸಿಗುವ ಸಾಲ ಕಡಿಮೆ ಮಾಡಬಹುದು. ಒಂದು ಕಂತು ತಪ್ಪಿದರೆ ಮಸಿ ಇಬ್ಬರಿಗೂ. ತೆರಿಗೆಯಲ್ಲಾದರೂ ಏನಾದರೂ ಉಳಿಯುತ್ತದಾ ಅಂದರೆ ಅದೂ ಇಲ್ಲ. ಓದಿನ ಸಾಲದ ಬಡ್ಡಿಗೆ ಹಳೆ ತೆರಿಗೆ ಪದ್ಧತಿಯಲ್ಲಿ ರಿಯಾಯಿತಿ ಇದೆ ನಿಜ. ಅದು ಸಿಗುವುದು ಸ್ವಂತ ಓದಿಗೆ, ಗಂಡ ಅಥವಾ ಹೆಂಡತಿಯ ಓದಿಗೆ, ಮಕ್ಕಳ ಓದಿಗೆ, ಇಲ್ಲವೇ ಕಾನೂನಿನ ಪ್ರಕಾರ ತಾನು ಪೋಷಕರಾಗಿರುವ ವಿದ್ಯಾರ್ಥಿಗೆ. ತಮ್ಮನಿಗೆ ಸಾಲ ಕಟ್ಟುವ ಅಕ್ಕ ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ನಮ್ಮ ಮನೆಗಳಲ್ಲಿ ಎಷ್ಟು ಅಕ್ಕಂದಿರು ತಮ್ಮಂದಿರನ್ನು ಓದಿಸಿದ್ದಾರೆ! ಕಾನೂನು ಬರೆದವರ ಕಣ್ಣಿಗೆ ಅವರು ಬಿದ್ದಂತಿಲ್ಲ.

ಈಗ ನಿನ್ನ ಸೋದರಮಾವನ ವಿಷಯ. ಅಕ್ಕನ ಹೆಸರು ಮೊದಲು ಎತ್ತಿದ್ದು ಅವರಂತೆ. ‘ಅವಳು ಹೇಗೂ ಬೇರೆ ಮನೆಗೆ ಹೋಗುವವಳು, ಹೋಗುವ ಮುಂಚೆ ತಮ್ಮನಿಗೆ ಒಂದು ಉಪಕಾರ ಮಾಡಲಿ’ ಅಂದರಂತೆ. ಆಹಾ! ಆ ಪುಣ್ಯಾತ್ಮರ ಹೆಸರಿನಲ್ಲಿ ಎರಡು ಲಾರಿ, ಒಂದು ಕಾಂಪ್ಲೆಕ್ಸ್ ಇದೆ ಅಂತ ನೀನೇ ಬರೆದಿದ್ದೀಯ. ಸಹಿ ಮಾಡಲು ಅವರ ಕೈಗೆ ಏನಾಗಿದೆಯಂತೆ? ಬೇರೆಯವರ ಹೆಸರಿನಲ್ಲಿ ದೊಡ್ಡತನ ಮಾಡುವ ಇಂಥ ಮಾವಂದಿರು ಪ್ರತಿ ಊರಿನಲ್ಲೂ ಇರುತ್ತಾರೆ. ಮದುವೆ ಮನೆಯಲ್ಲಿ ಬಡಿಸುವವರಿಗೆ ಆರ್ಡರ್ ಹಾಕುವವರೂ ಅವರೇ. ನಿನ್ನ ಮೇಲಿರುವ ಸಿಟ್ಟಿನಲ್ಲಿ ಮುಕ್ಕಾಲು ಭಾಗವನ್ನು ಅವರಿಗೆ ವರ್ಗಾಯಿಸಿದ್ದೇನೆ, ನೀನು ಸ್ವಲ್ಪ ಹಗುರಾಗು.

ಅಪ್ಪನ ಬಗ್ಗೆ ಮಾತ್ರ ನನಗೆ ಒಂದು ದೂರೂ ಇಲ್ಲ. ‘ಹೊರಗಿನ ಪ್ರಪಂಚ ಗೊತ್ತಿಲ್ಲ’ ಅಂದೆಯಲ್ಲ, ಅದೇ ಪತ್ರದಲ್ಲಿ ‘ಬೆಳಿಗ್ಗೆ ಎದ್ದ ಕೂಡಲೇ ಮೊಬೈಲಿನಲ್ಲಿ ಲಂಡನ್ ರೇಟು ನೋಡುತ್ತಾರೆ’ ಅಂತಲೂ ಬರೆದಿದ್ದೀಯ. ರೊಬಸ್ಟಾ ಬೆಲೆ ಲಂಡನ್ನಿನಲ್ಲಿ ಡಾಲರ್ ಲೆಕ್ಕದಲ್ಲಿ ಏರಿಳಿಯುತ್ತದೆ, ಅರೇಬಿಕಾದ್ದು ನ್ಯೂಯಾರ್ಕಿನಲ್ಲಿ. ಬ್ರೆಜಿಲ್‌ನಲ್ಲಿ ಮಳೆ ತಪ್ಪಿದರೆ, ವಿಯೆಟ್ನಾಂನಲ್ಲಿ ಬೆಳೆ ಕಡಿಮೆಯಾದರೆ, ರೂಪಾಯಿ ಜಾರಿದರೆ ಸಕಲೇಶಪುರದ ಚೀಲಕ್ಕೆ ಏನಾಗುತ್ತದೆ ಅಂತ ಅವರು ಹಲ್ಲುಜ್ಜುವಾಗಲೇ ಲೆಕ್ಕ ಹಾಕುತ್ತಾರೆ. ಬೆಳೆಯನ್ನು ಸರ್ಕಾರದ ಕಾಫಿ ಬೋರ್ಡಿಗೇ ಒಪ್ಪಿಸಬೇಕಿದ್ದ ಕಾಲದಲ್ಲಿ ಕಂತು ಕಂತಾಗಿ ಬರುವ ದುಡ್ಡಿಗೆ ಕಾದವರು. ತೊಂಬತ್ತರ ದಶಕದಲ್ಲಿ ಮಾರುಕಟ್ಟೆ ತೆರೆದ ಮೇಲೆ ಒಂದು ವರ್ಷ ಬಂಗಾರ, ಮೂರು ವರ್ಷ ಮಣ್ಣು ನೋಡಿದವರು. ನೀನು 30 ಲಕ್ಷ ಕೊಟ್ಟು ಓದಲು ಹೊರಟಿರುವ ವಿಷಯವನ್ನೇ ಅವರು ಪರೀಕ್ಷೆ ಬರೆಯದೆ ಪಾಸು ಮಾಡಿದ್ದಾರೆ. ಸೈಟ್ ಅಡ ಇಡುವುದಿಲ್ಲ ಅಂದರೆ ಅದು ಅವರ ಸೈಟು.

ಹಾಗಂತ ಕೋರ್ಸ್ ಕೆಟ್ಟದ್ದು ಅನ್ನುತ್ತಿಲ್ಲ. ವಿನಿಮಯ ದರ, ಮುಂದೆ ಬರುವ ಡಾಲರಿಗೆ ಇವತ್ತೇ ದರ ಗೊತ್ತುಮಾಡಿಕೊಳ್ಳುವ ಫಾರ್ವರ್ಡ್ ಕವರ್, ಒಂದೇ ಕಂಪನಿ ನಾಲ್ಕು ದೇಶದಲ್ಲಿ ತೆರಿಗೆ ಕಟ್ಟುವ ಬಗೆ, ಇವೆಲ್ಲ ಕ್ರಮವಾಗಿ ಕಲಿಯುವುದು ಒಳ್ಳೆಯದೇ. ಎರಡು ವರ್ಷ ಎಲ್.ಸಿ. ಹಿಡಿದು ಕೂತ ನಿನಗೆ ಅದು ಇನ್ನೂ ಚೆನ್ನಾಗಿ ಹತ್ತುತ್ತದೆ. ತೊಂದರೆ ಇರುವುದು ಸಮಯದ ಲೆಕ್ಕದಲ್ಲಿ. ಎರಡು ಸೆಮಿಸ್ಟರ್ ಪಾಠ, ಬೇಸಿಗೆಯಲ್ಲಿ ಡಿಸರ್ಟೇಶನ್, ವರ್ಷ ಮುಗಿಯಿತು. ಅಲ್ಲಿನ ದೊಡ್ಡ ಬ್ಯಾಂಕು, ಆಡಿಟ್ ಕಂಪನಿಗಳು ಮುಂದಿನ ವರ್ಷಕ್ಕೆ ಹೊಸಬರನ್ನು ಆರಿಸಲು ಶುರು ಮಾಡುವುದೇ ಸೆಪ್ಟೆಂಬರ್-ಅಕ್ಟೋಬರ್ ಸುಮಾರಿಗೆ. ನೀನು ಚಳಿಗೆ ಒಂದು ಜಾಕೆಟ್ ಕೊಳ್ಳುವಷ್ಟರಲ್ಲಿ ಅರ್ಧ ಬಾಗಿಲು ಮುಚ್ಚಿರುತ್ತದೆ.

ಸೀಟು ಕೊಡಿಸಿದ ಕನ್ಸಲ್ಟೆನ್ಸಿಯವರು ‘ಓದಿದ ಮೇಲೆ ಎರಡು ವರ್ಷ ಅಲ್ಲೇ ಇರಬಹುದು’ ಅಂದಿದ್ದಾರೆ. ಅದು ನಿನಗೆ ಅನ್ವಯಿಸುವುದಿಲ್ಲ. ಗ್ರಾಜುಯೇಟ್ ವೀಸಾಕ್ಕೆ 2027ರ ಜನವರಿ 1ರ ನಂತರ ಅರ್ಜಿ ಹಾಕುವ ಎಂ.ಎಸ್ಸಿ.ಯವರಿಗೆ ಸಿಗುವುದು 18 ತಿಂಗಳು. ನಿನ್ನ ಓದು ಮುಗಿಯುವುದೇ 2027ರ ಸೆಪ್ಟೆಂಬರ್‌ನಲ್ಲಿ. ಆಮೇಲೂ ಉಳಿಯಬೇಕೆಂದರೆ ಸ್ಕಿಲ್ಡ್ ವರ್ಕರ್ ವೀಸಾ ಬೇಕು. ಅದಕ್ಕೆ ಸಾಮಾನ್ಯವಾಗಿ ವರ್ಷಕ್ಕೆ 41,700 ಪೌಂಡ್ ಸಂಬಳ, ಹೊಸಬರಿಗೆ ರಿಯಾಯಿತಿಯಲ್ಲಿ 33,400, ಅದೂ ಸ್ಪಾನ್ಸರ್ ಮಾಡುವ ಕಂಪನಿ ಸಿಕ್ಕಿದರೆ. ಅಂದಹಾಗೆ ಸೀಟು ತುಂಬಿಸಿದ್ದಕ್ಕೆ ಇಂಥ ಕನ್ಸಲ್ಟೆನ್ಸಿಗಳಿಗೆ ವಿಶ್ವವಿದ್ಯಾಲಯಗಳಿಂದ ಕಮಿಷನ್ ಬರುತ್ತದೆ. ನಿನ್ನ ಹತ್ತಿರ ಫೀಸು ತೆಗೆದುಕೊಳ್ಳಲಿಲ್ಲ ಅಂತ ಅವರನ್ನು ಹೊಗಳಿದ್ದೀಯ, ಅದಕ್ಕೇ ಹೇಳಿದೆ.

‘ಪಾರ್ಟ್ ಟೈಮ್ ದುಡಿದು ಅಕ್ಕನಿಗೆ ಕಳಿಸುತ್ತೇನೆ’ ಅಂದಿದ್ದೀಯ. ಪಾಠ ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು. 2026ರ ಏಪ್ರಿಲ್‌ನಿಂದ ಅಲ್ಲಿ 21 ದಾಟಿದವರ ಕನಿಷ್ಠ ಕೂಲಿ ಗಂಟೆಗೆ 12.71 ಪೌಂಡ್. ವಾರ ತಪ್ಪದೆ ಕೆಲಸ ಸಿಕ್ಕಿದರೂ ನಾಲ್ಕು ವಾರಕ್ಕೆ ಸಾವಿರ ಪೌಂಡಿನ ಆಸುಪಾಸು. ಲಂಡನ್ ಹೊರಗೆ ಓದುವವರಿಗೆ ತಿಂಗಳ ಖರ್ಚು ಅಂತ ಅಲ್ಲಿನ ಸರ್ಕಾರ ವೀಸಾಕ್ಕೆ ತೋರಿಸಲು ಹೇಳುವುದೇ 1,171 ಪೌಂಡ್. ಅಕ್ಕನಿಗೆ ಕಳಿಸಲು ಏನು ಮಿಗುತ್ತದೆ, ಹೇಳು?

ಇಷ್ಟೆಲ್ಲ ಬರೆದು ಕೊನೆಗೆ ನನಗೆ ನೆನಪಾದದ್ದು, ಅಕ್ಕ ಏನಂದಳು ಅಂತ ನೀನು ಎಲ್ಲೂ ಬರೆದಿಲ್ಲ. ‘ಅವಳು ಒಪ್ಪಿದ್ದಾಳೆ’ ಅಂತ ಮಾವ ಹೇಳಿದ್ದು ಮಾತ್ರ ಇದೆ. ಒಪ್ಪದೆ ಏನು ಮಾಡುತ್ತಾಳೆ? ಮದುವೆ ಮಾತುಕತೆ ನಡೆಯುವಾಗ ತವರಿಗೆ ‘ಇಲ್ಲ’ ಅಂದ ಹೆಣ್ಣುಮಗಳು ಅನ್ನಿಸಿಕೊಳ್ಳಲು ಯಾರಿಗೆ ಧೈರ್ಯ ಇರುತ್ತದೆ?

ಹಾಗಾಗಿ ಅಪ್ಪನನ್ನು ಒಪ್ಪಿಸುವ ಉಪಾಯ ನಾನು ಹೇಳುವುದಿಲ್ಲ. ನೀನು ಮಾಡಬೇಕಾದ ಕೆಲಸ ಒಂದೇ: ಅಕ್ಕನ ಹೆಸರನ್ನು ಆ ಅರ್ಜಿಯಿಂದ ತೆಗೆಸು. ಅವಳು ‘ಪರವಾಗಿಲ್ಲ ಬಿಡೋ’ ಅಂದರೂ ತೆಗೆಸು. ಅವಳ ಹೆಸರಿಲ್ಲದೆ ಸಾಲ ಸಿಗುವುದಿಲ್ಲ ಅಂದರೆ ಈ ಸೆಪ್ಟೆಂಬರ್‌ಗೆ ಹೋಗುವುದಿಲ್ಲ, ಅಷ್ಟೇ. ಸೀಟನ್ನು ಮುಂದಿನ ವರ್ಷಕ್ಕೆ ಹಾಕಿಕೊಡಿ ಅಂತ ವಿಶ್ವವಿದ್ಯಾಲಯಕ್ಕೆ ಒಂದು ಇಮೇಲ್ ಬರೆದು ಕೇಳು, ಡೆಪಾಸಿಟ್ ಕಟ್ಟುವ ಮುಂಚೆ.

ಈ ಭಾನುವಾರ ಬೆಂಗಳೂರಿಗೆ ಹೋಗಿ ಅಕ್ಕನಿಗೆ ನೀನೇ ಮುಖ ನೋಡಿ ಹೇಳಿ ಬಾ. ಮಾವನನ್ನು ಜೊತೆಗೆ ಕರೆದುಕೊಂಡು ಹೋಗಬೇಡ.