ಮಟ್ಟುಗುಳ್ಳದ ಬೀಜದಿಂದ ನೇರಳೆ ಬದನೆ ಬಂದದ್ದೇಕೆ?

ಉಡುಪಿ ಬಳಿಯ ಮಟ್ಟು ಊರಿನ ರೈತರೊಬ್ಬರು ಕೊಟ್ಟ ಗುಳ್ಳದ (ಆ ಊರಿನ ದುಂಡನೆಯ ಹಸಿರು ಬದನೆ) ಬೀಜದಿಂದ ಮಂಗಳೂರಿನ ನಿಮ್ಮ ತಾರಸಿಯಲ್ಲಿ ಆರು ಗಿಡ ಬೆಳೆಸಿದಿರಿ. ನಾಲ್ಕರಲ್ಲಿ ಹಸಿರು ಗುಳ್ಳ, ಎರಡರಲ್ಲಿ ನೇರಳೆ ಬದನೆ. ಬೀಜ ತೆಗೆದ ಹಣ್ಣು ಅಪ್ಪಟ ಗುಳ್ಳವೇ ಆಗಿತ್ತು, ಹಾಗಾದರೆ ಬೀಜದಲ್ಲಿ ಮೋಸವಾಯಿತೇ ಎಂದು ಕೇಳಿದ್ದೀರಿ. ದಯವಿಟ್ಟು ಆ ರೈತರನ್ನು ಸಂಶಯಿಸಬೇಡಿ. ಕಟಪಾಡಿಯ ನಮ್ಮ ಹಿತ್ತಿಲಿನಲ್ಲಿಯೂ ಹೀಗೆಯೇ ಆಗಿತ್ತು.

ಕಾಯಿಯ ಸಿಪ್ಪೆ, ತಿರುಳು ಪೂರ್ತಿ ತಾಯಿಗಿಡದ ಸ್ವತ್ತು. ಯಾವ ಗಿಡದ ಪರಾಗ ಬಿದ್ದರೂ ಅದರ ಬಣ್ಣ ಬದಲಾಗುವುದಿಲ್ಲ. ಒಳಗಿನ ಬೀಜ ಮಾತ್ರ ತಂದೆತಾಯಿ ಇಬ್ಬರದೂ. ಒಂದು ಬದನೆಯಲ್ಲಿ ನೂರಾರು ಬೀಜಗಳು. ಒಂದೊಂದಕ್ಕೂ ಬೇರೆ ಬೇರೆ ಪರಾಗದ ಕಣ ಬೇಕು. ಆದ್ದರಿಂದ ಒಂದೇ ಹಣ್ಣಿನ ಬೀಜಗಳಿಗೆ ತಂದೆ ಬೇರೆ ಬೇರೆ ಇರಬಹುದು.

ಬೆಳಿಗ್ಗೆ ಬದನೆ ಹೂವಿನ ಹತ್ತಿರ ಸುಮ್ಮನೆ ಕುಳಿತು ನೋಡಿ. ನಡುವೆ ಹಳದಿ ಕೇಸರಗಳು ಕೊಳವೆಯಂತೆ ಒತ್ತಾಗಿ ನಿಂತಿರುತ್ತವೆ. ದುಂಬಿ ಬಂದು ಅದನ್ನು ತಬ್ಬಿ ಗುಂಯ್ ಎಂದು ನಡುಗಿಸಿದರೆ ತುದಿಯ ರಂಧ್ರಗಳಿಂದ ಪರಾಗ ಉದುರುತ್ತದೆ. ಬದನೆ ಹೆಚ್ಚಾಗಿ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ, ನಿಜ. ಆದರೆ ಆ ದುಂಬಿ ಈಗಷ್ಟೇ ಪಕ್ಕದ ಮನೆಯ ನೇರಳೆ ಬದನೆಯಿಂದ ಬಂದಿದ್ದರೆ ಕೆಲವು ಬೀಜಗಳು ಮಿಶ್ರವಾಗುತ್ತವೆ.

ನೇರಳೆ ಬಣ್ಣದ ವಂಶವಾಹಿ ಸಾಮಾನ್ಯವಾಗಿ ಹಸಿರಿನ ಮೇಲೆ ಪ್ರಬಲ. ಹಾಗಾಗಿ ಮಿಶ್ರಗಿಡದಲ್ಲಿ ಹಸಿರು ಅಡಗಿ ಕುಳಿತಿರುತ್ತದೆ, ಅಳಿದಿರುವುದಿಲ್ಲ. ಬಟಾಣಿ ಗಿಡಗಳಲ್ಲಿ ಮೆಂಡೆಲ್ ಕಂಡು 1866ರಲ್ಲಿ ಪ್ರಕಟಿಸಿದ್ದು ಇದನ್ನೇ. ನಿಮ್ಮ ನೇರಳೆ ಗಿಡವನ್ನು ಅದರದೇ ಪರಾಗದಿಂದ ಕಾಯಿ ಕಟ್ಟಿಸಿ, ಆ ಬೀಜ ಬಿತ್ತಿ. ಬಣ್ಣಕ್ಕೆ ಒಂದೇ ಜೋಡಿ ವಂಶವಾಹಿ ಕಾರಣವಾಗಿದ್ದರೆ ಸರಾಸರಿ ನಾಲ್ಕರಲ್ಲೊಂದು ಗಿಡ ಮತ್ತೆ ಹಸಿರು ಕಾಯಿ ಬಿಡುತ್ತದೆ. ಆದರೆ ಅದನ್ನು ಗುಳ್ಳವೆಂದು ನಾನು ಒಪ್ಪಲಾರೆ. ಆಕಾರಕ್ಕೂ ರುಚಿಗೂ ಹಲವು ವಂಶವಾಹಿಗಳು ಸೇರುತ್ತವೆ. ಬಣ್ಣ ಮರಳಿತೆಂದು ಉಳಿದದ್ದೆಲ್ಲ ಮರಳುವುದಿಲ್ಲ. ಮಣ್ಣಿನ ಪಾಲೂ ಇದೆ. 2011ರಲ್ಲಿ ಸಿಕ್ಕ ಭೌಗೋಳಿಕ ಸೂಚಕ (ಜಿಐ) ಮಾನ್ಯತೆಯೂ ಮಟ್ಟುವಿನ ಬೆಳೆಗೇ ಹೊರತು ನನ್ನ ಹಿತ್ತಿಲಿನ ಗುಳ್ಳಕ್ಕಲ್ಲ.

ಉಡುಪಿಯ ಯತಿ ವಾದಿರಾಜರು ಕೊಟ್ಟ ಬೀಜವೆಂದು ನಂಬಿ ಊರಿನವರು ಕಾಪಾಡಿಕೊಂಡು ಬಂದ ತಳಿ ಇದು, ನಾವೂ ಜೋಪಾನ ಮಾಡೋಣ. ನಿಮ್ಮ ನಾಲ್ಕು ಹಸಿರು ಗಿಡಗಳಲ್ಲಿ ಒಳ್ಳೆಯದೊಂದನ್ನು ಆರಿಸಿ, ಮೊಗ್ಗು ಅರಳುವ ಮುನ್ನವೇ ತೆಳು ಬಟ್ಟೆಯ ಚೀಲ ಕಟ್ಟಿ. ಅರಳಿದ ಮೇಲೆ ಚೀಲದ ಹೊರಗಿನಿಂದಲೇ ತೊಟ್ಟನ್ನು ಮೆಲ್ಲಗೆ ತಟ್ಟಿ. ಕಾಯಿ ಕಚ್ಚಿದ ನಂತರ ಚೀಲ ಬಿಚ್ಚಿ, ತೊಟ್ಟಿಗೆ ಕೆಂಪು ದಾರ ಕಟ್ಟಿಡಿ; ಇಲ್ಲವಾದರೆ ಮನೆಯವರು ಹುಳಿಗೆ ಕೊಯ್ದುಬಿಡುತ್ತಾರೆ. ಗಿಡದಲ್ಲಿಯೇ ಹಳದಿಯಾಗುವವರೆಗೆ ಬಿಟ್ಟು, ಬೀಜ ತೊಳೆದು ನೆರಳಿನಲ್ಲಿ ಒಣಗಿಸಿ.